ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಪೂರ್ವಕ್ಕೆ ಹೋಗೋದಾ, ಪಶ್ಚಿಮಕ್ಕಾ?

ಪ್ರಶ್ನೆ: ಅಪ್ಪ-ಅಮ್ಮನ್ನ ಕಳಿಸಬೇಕು. ದೂರ 14,000 ಕಿ.ಮೀ. ಅಂತಿದೆ, ಟಿಕೆಟ್‌ಗಳಲ್ಲಿ ಮಾತ್ರ 21 ಗಂಟೆಯಿಂದ 30ರವರೆಗೂ ತೋರಿಸುತ್ತೆ. ದುಬೈ, ಫ್ರಾಂಕ್‌ಫರ್ಟ್, ಸಿಂಗಾಪುರ, ಯಾವ ದಾರಿ ಒಳ್ಳೇದು? ಅಪ್ಪನಿಗೆ ಮಂಡಿನೋವು.

ಪಡುವಣ ಗಾಳಿ: ಸಿಂಗಾಪುರ. ಅಲ್ಲೀವರೆಗೆ ಸುಮಾರು 3,170, ಮುಂದೆ 13,590 ಕಿ.ಮೀ. ದೂರ ಜಾಸ್ತಿ ನಿಜ. ಆದರೆ ಪೆಸಿಫಿಕ್ ಮೇಲೆ ಜೆಟ್ ಸ್ಟ್ರೀಮ್ (ಬಹಳ ಎತ್ತರದ ಜೋರು ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಹೋಗುವಾಗ ಎರಡನೇ ಹಾರಾಟ 15 ಗಂಟೆ ಆಸುಪಾಸು, ಅದೇ ದಾರೀಲಿ ಬರುವಾಗ 17.

ಲೇಓವರ್ ಲೆಕ್ಕ: ಹೋಗ್ತಾ ಉಳಿಸಿದ್ದನ್ನ ಬರ್ತಾ ಕಳ್ಕೊಂಡ್ರೆ ಬಂದ ಭಾಗ್ಯ ಏನು? ದುಬೈಗೆ 2,700 ಕಿ.ಮೀ., 4 ಗಂಟೆ. ಅಲ್ಲಿಂದ 13,000, 16 ಗಂಟೆ. ನೆಲದ ಮೇಲೆ 3 ಗಂಟೆ ಸೇರಿಸಿದ್ರೂ 23.

ಪಡುವಣ ಗಾಳಿ: ಬರುವಾಗ ಸಿಂಗಾಪುರಕ್ಕೇ ಬನ್ನಿ ಅಂದೋರು ಯಾರು ಸ್ವಾಮಿ? ಮಲ್ಟಿ-ಸಿಟಿ ಹಾಕಿ, ಅಂದರೆ ಹೋಗೋದು ಒಂದು ದಾರಿ, ಬರೋದು ಇನ್ನೊಂದು; ವಾಪಸ್ ಫ್ರಾಂಕ್‌ಫರ್ಟ್ ಮೇಲೆ. ಆಗಲೂ ಪೂರ್ವಕ್ಕೇ ಹಾರೋದು. ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾ ಎರಡೂ ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನ್ ಕೂಟದವೇ.

ಒಂದೇ ಪಿಎನ್‌ಆರ್: ಈ ಜಾಣತನಕ್ಕೆ ಎರಡು ಬೇರೆ ಟಿಕೆಟ್ ಕೊಂಡು ಸಿಕ್ಕಿಬೀಳೋರೇ ಹೆಚ್ಚು. ಟಿಕೆಟ್ ಬೇರೆಯಾದರೆ ಲಗೇಜ್ ಕೊನೇವರೆಗೆ ಹೋಗದೇ ಇರಬಹುದು. ಅದನ್ನ ತಗೊಳ್ಳೋಕೆ ಇಮಿಗ್ರೇಷನ್ ದಾಟಬೇಕು, ಜರ್ಮನಿಯಾದರೆ ಷೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಅದಕ್ಕೆ ಸಾಲದು. ಮೊದಲ ವಿಮಾನ ತಡವಾಯ್ತೋ, ಎರಡನೇ ಟಿಕೆಟ್ ದುಡ್ಡು ಹೊಳೇಲಿ ಹುಣಸೆಹಣ್ಣು. ಒಂದೇ ಟಿಕೆಟ್‌ನಲ್ಲೂ ಮೊದಲ ವಿಮಾನ ನೀವೇ ಹತ್ತದೇ ಹೋದರೆ ಉಳಿದದ್ದೆಲ್ಲ ತಾನಾಗೇ ರದ್ದು. ತೂಕವೂ ನೋಡಿ: ಅಮೆರಿಕ ಟಿಕೆಟ್‌ಗೆ ಸಾಮಾನ್ಯವಾಗಿ 23 ಕೆ.ಜಿ.ಯ ಎರಡು ಪೆಟ್ಟಿಗೆ, ಅಗ್ಗದ ಏರ್‌ಲೈನ್‌ನ ತುಂಡು ಟಿಕೆಟ್‌ಗೆ ಅಷ್ಟಿರಲ್ಲ.

ಲೇಓವರ್ ಲೆಕ್ಕ: ಯಾರೂ ಬೇರೆ ಟಿಕೆಟ್ ಅಂದಿಲ್ಲ. ಓದಿ ಬರೀರಿ.

ನಕಾಶೆ: ಮೊದಲು ಗೋಲ ನೋಡಿ ಮಾತಾಡಿ. ಗೋಡೆ ನಕ್ಷೇಲಿ ಅಡ್ಡ ಗೆರೆ ಎಳೆದ್ರೆ ದೂರ ಸಿಗಲ್ಲ. ನೇರ ದಾರಿ 13,990 ಕಿ.ಮೀ., ಧ್ರುವದ ಹತ್ತಿರ ಹಾಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೋಯಿಂಗ್ 777-200ಎಲ್‌ಆರ್‌ನಲ್ಲಿ ಈ ಊರುಗಳ ನಡುವಿನ ಮೊದಲ ನಾನ್‌ಸ್ಟಾಪ್ ಹಾರಿಸಿದ್ದು ಧ್ರುವದ ಮೇಲೆಯೇ.

ಪಡುವಣ ಗಾಳಿ: ಕೇಳಿದ್ದು ಒಂದು ನಿಲುಗಡೆಯ ಟಿಕೆಟ್ ಬಗ್ಗೆ. ಭೂಗೋಳದ ಪಾಠ ಅಲ್ಲ.

ನಕಾಶೆ: ಪಾಠ ಬೇಕಾಗಿದೆ ಅನ್ಸುತ್ತೆ. ಟಿಕೆಟ್ ಮೇಲಿರೋದು ಸ್ಥಳೀಯ ಸಮಯ. ಬೇಸಿಗೆಯಲ್ಲಿ ಅಂತರ 12.30 ಗಂಟೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ 13.30. ಬೆಂಗಳೂರು ಬೆಳಿಗ್ಗೆ 10ಕ್ಕೆ ಬಿಟ್ಟು 23 ಗಂಟೆ ಹೋದರೆ ಬೇಸಿಗೆಯಲ್ಲಿ ಅದೇ ದಿನ ರಾತ್ರಿ 8.30ಕ್ಕೆ ಇಳಿಯೋದು. ಆ 23ರಲ್ಲಿ ರನ್‌ವೇವರೆಗೆ ಉರುಳೋ ಹೊತ್ತೂ ಸೇರಿದೆ. ಹಾರಾಟದ ಸಮಯ ಅಂತ ಹೇಳ್ತಾ ಇರೋದು ಗೇಟಿಂದ ಗೇಟಿಗೆ.

ಸರಿಪಾಲು: ಮಂಡಿನೋವು ಅಂತ ಬರೆದದ್ದು ಯಾರ ಕಣ್ಣಿಗೂ ಬೀಳಲಿಲ್ವಾ? 15–16 ಗಂಟೆ ಕೂರಿಸೋದಕ್ಕಿಂತ ಫ್ರಾಂಕ್‌ಫರ್ಟ್: 7,400 ಮತ್ತು 9,150 ಕಿ.ಮೀ., ಹೆಚ್ಚುಕಡಿಮೆ ಸಮಪಾಲು. ಉದ್ದದ್ದೇ 11.30 ಗಂಟೆ.

ಲೇಓವರ್ ಲೆಕ್ಕ: ಹೌದೌದು, ನಡುವೆ ಅಷ್ಟುದ್ದದ ಟರ್ಮಿನಲ್ ನಡೆಸಿ!

ಸರಿಪಾಲು: ನಡೆಸೋದ್ಯಾಕೆ? ಟಿಕೆಟ್ ಆದ ತಕ್ಷಣ ವೀಲ್‌ಚೇರ್ ಹಾಕಿಸಿ, ತಡ ಅಂದರೆ 48 ಗಂಟೆ ಮುಂಚೆ. ಬರೀ ವೀಲ್‌ಚೇರ್ ಅಂದರೆ ಡಬ್ಲ್ಯೂಸಿಎಚ್‌ಆರ್ ಅನ್ನೋ ಕೋಡ್ ಬೀಳುತ್ತೆ, ಅದು ಮೆಟ್ಟಿಲು ಹತ್ತಬಲ್ಲವರಿಗೆ. ವಿಮಾನ ಏರೋಬ್ರಿಡ್ಜ್ (ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಸೇತುವೆ) ಇಲ್ಲದ ಕಡೆ ನಿಂತರೆ ಅಲ್ಲೇ ಪೇಚು. ಮೆಟ್ಟಿಲು ಹತ್ತಲಾಗದವರ ಕೋಡ್ ಡಬ್ಲ್ಯೂಸಿಎಚ್‌ಎಸ್, ಅದನ್ನೇ ಹೇಳಿ. ಮತ್ತೆ ಎರಡೂ ಹಾರಾಟದಲ್ಲಿ ನಮೂದಾಗಿದೆಯಾ ನೋಡಿ, ಬೇರೆ ಏರ್‌ಲೈನ್ ಹಾರಿಸೋ ಕೋಡ್‌ಶೇರ್‌ನಲ್ಲಿ ಎರಡನೇದು ಬಿಟ್ಟುಹೋಗಬಹುದು.