ಅಡಿಕೆ ತೋಟವನ್ನು ಮೇಲಿನಿಂದ ಫೋಟೋ ತೆಗೆಯಲು ಗಾಗಲ್ಸ್ ಬೇಕಾ, ಮಾನಿಟರ್ ಸಾಕಾ?

ತೋಟದಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ನಮ್ಮ ತೋಟ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಉದ್ದಕ್ಕೆ ಇಳಿದುಕೊಂಡು ಹೋಗುತ್ತದೆ. ಎಲೆಚುಕ್ಕಿ ರೋಗ ಶುರುವಾದ ಮೇಲೆ ಅದು ಯಾವ ಮೂಲೆಯಿಂದ ಯಾವ ಕಡೆಗೆ ಹರಡುತ್ತಿದೆ ಎಂದು ನೋಡುವ ಆಸೆ. ಕೆಳಗೆ ನಿಂತು ಕತ್ತೆತ್ತಿದರೆ ಸೋಗೆಯ ತಳ ಬಿಟ್ಟು ಬೇರೇನೂ ಕಾಣುವುದಿಲ್ಲ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನನ್ನ ಹತ್ತಿರ ಇರುವುದು ರೇಡಿಯೋ ರಿಮೋಟ್‌ನಲ್ಲಿ ಹಾರಿಸುವ ಫೋಮ್ ವಿಮಾನ. ರೆಕ್ಕೆ 1.4 ಮೀಟರ್, ಮೋಟರ್ ಹಿಂದುಗಡೆ, ಬ್ಯಾಟರಿ ಸೇರಿ ತೂಕ 1.3 ಕೆ.ಜಿ. ಹೊಟ್ಟೆಯಲ್ಲಿ ಹಳೆಯ ಕ್ಯಾನನ್ ಪವರ್‌ಶಾಟ್ ಕ್ಯಾಮೆರಾ ಕೆಳಮುಖ ಮಾಡಿ ಕೂರಿಸಿದ್ದೇನೆ. ಮೂಗಿನಲ್ಲಿ ಒಂದು ಚಿಕ್ಕ ಬೋರ್ಡ್ ಕ್ಯಾಮೆರಾ, 5.8 ಗಿಗಾಹರ್ಟ್ಸ್ ಅನಲಾಗ್ ವಿಡಿಯೋ ಟ್ರಾನ್ಸ್‌ಮಿಟರ್. ಅದು ಕಳಿಸುವ ಚಿತ್ರ ನೋಡಲು ಕೆಳಗೆ ಟ್ರೈಪಾಡ್ ಮೇಲೆ 7 ಇಂಚಿನ ಮಾನಿಟರ್.

ತೊಂದರೆ ಏನೆಂದರೆ, ಗದ್ದೆ ಬಯಲಿನಲ್ಲಿ ನಿಂತರೆ ಪರದೆಯಲ್ಲಿ ತೋಟ ಕಾಣುವುದಿಲ್ಲ, ನನ್ನ ಮುಖ ಕಾಣುತ್ತದೆ. ರಟ್ಟಿನ ಗೂಡು ಕಟ್ಟಿ ನೋಡಿದೆ. ನಮ್ಮ ಭಾವ ಛತ್ರಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ದಾರಿಯಲ್ಲಿ ಹೋಗುವವರೆಲ್ಲ ಯಾವ ಪೂಜೆ ಎಂದು ಕೇಳುತ್ತಾರೆ. ಅದರ ಮೇಲೆ ಸಿಗ್ನಲ್ ಸ್ವಲ್ಪ ಕಡಿಮೆಯಾದರೆ ಸಾಕು, ಇಡೀ ಪರದೆ ನೀಲಿ.

ಹಾಗಾಗಿ ತಲೆಗೆ ಹಾಕಿಕೊಳ್ಳುವ ವಿಡಿಯೋ ಗಾಗಲ್ಸ್ ತರಿಸೋಣ ಅಂದುಕೊಂಡಿದ್ದೇನೆ. ನನಗೆ ಮೈನಸ್ 4.5 ಕನ್ನಡಕ ಇದೆ, ಅದರ ಮೇಲೆ ಕೂರುತ್ತದಾ? ಅದರಲ್ಲಿ ನೋಡಿಕೊಂಡು ಫೋಟೋದ ಚೌಕಟ್ಟು ಸರಿಯಾಗಿ ಹಿಡಿಯಬಹುದಾ? ತಲೆ ಸುತ್ತುತ್ತದೆ ಎಂದು ಬೇರೆ ಹೆದರಿಸುತ್ತಾರೆ. ಬಳಸಿದವರು ಹೇಳಿ.

ಕ್ವಾಡ್ ಕಿಟ್ಟಿ:

ಗುರೂ, ಯೋಚನೆನೇ ಬೇಡ. ಗಾಗಲ್ಸ್ ತಗೊಳ್ಳಿ. ಒಂದು ಸಲ ಹಾಕಿಕೊಂಡರೆ ಮಾನಿಟರ್ ಅಟ್ಟಕ್ಕೆ ಹೋಗುತ್ತದೆ. ಬಿಸಿಲಿನ ಗೊಡವೆ ಇಲ್ಲ, ಛತ್ರಿ ಇಲ್ಲ, ಭಾವನಿಗೂ ಬಿಡುಗಡೆ. ದುಡ್ಡು ಕಡಿಮೆ ಇದ್ದರೆ ಡಬ್ಬಿ ಥರದ್ದು ಸಿಗುತ್ತದೆ. ಒಳಗೆ ಒಂದೇ ದೊಡ್ಡ ಪರದೆ, ಮುಂದೆ ಒಂದು ಲೆನ್ಸ್. ಕನ್ನಡಕದ ಮೇಲೆಯೇ ಹಾಕಿಕೊಳ್ಳಬಹುದು. ನಾನು ರೇಸ್ ಕ್ವಾಡ್ (ನಾಲ್ಕು ಫ್ಯಾನಿನ ಡ್ರೋನ್) ಹಾರಿಸುವುದೆಲ್ಲ ಅದರಲ್ಲೇ.

ಸೋಲ್ಡರಿಂಗ್ ಮೇಷ್ಟ್ರು:

ಕಿಟ್ಟಿ, ನೀವು ಗೇಟುಗಳ ನಡುವೆ ನುಗ್ಗುವವರು. ಅವರು ಅಡಿಕೆ ಮರದ ತಲೆ ಎಣಿಸಬೇಕಾದವರು. ಎರಡೂ ಬೇರೆ ಕೆಲಸ.

ತೋಟದಂಚು ಅವರೇ, ನಾನು ಮೈಸೂರಿನಲ್ಲಿ ಬಾಲ್ಸಾ ಕಟ್ಟಿಗೆ ಕಾಲದಿಂದ ವಿಮಾನ ಹಾರಿಸುತ್ತಿದ್ದೇನೆ. ಫೋಟೋ ತೆಗೆಯುವುದಕ್ಕೆಂದೇ ಹಾರಿಸಿದ್ದು ಜಾಸ್ತಿ. ನನ್ನ ಅಭಿಪ್ರಾಯ ಇಷ್ಟು: ಗಾಗಲ್ಸ್ ಖಂಡಿತ ತಗೊಳ್ಳಿ, ಆದರೆ ಹಾಕಿಕೊಳ್ಳುವುದು ನೀವಲ್ಲ, ನಿಮ್ಮ ಭಾವ.

ನೀವು ಗಾಗಲ್ಸ್ ಹಾಕಿಕೊಂಡು ಹಾರಿಸಿದರೆ ಮೂಗಿನ ಕ್ಯಾಮೆರಾ ನೋಡಬೇಕು. ಇಲ್ಲದಿದ್ದರೆ ಗುಡ್ಡಕ್ಕೆ ಹೋಗಿ ಕೂರುತ್ತೀರಿ. ಮೂಗಿನ ಕ್ಯಾಮೆರಾ ತೋರಿಸುವುದು ಮುಂದಿನ ಆಕಾಶ, ಫೋಟೋ ಬೀಳುವುದು ಹೊಟ್ಟೆಯ ಕೆಳಗೆ. ಕೆಳಮುಖದ ಚಿತ್ರ ನೋಡಿಕೊಂಡು ಹಾರಿಸುತ್ತೇನೆ ಎಂದರೆ ರೆಕ್ಕೆ ಸಮವಾಗಿದೆಯಾ, ಮೂಗು ಮೇಲಿದೆಯಾ ಒಂದೂ ತಿಳಿಯದು. ದಿಗಂತವೇ ಕಾಣುವುದಿಲ್ಲವಲ್ಲ. ಅದಕ್ಕೇ ಇಬ್ಬರು ಬೇಕು. ನೀವು ಬರಿಗಣ್ಣಲ್ಲಿ ವಿಮಾನ ನೋಡಿಕೊಂಡು ಹಾರಿಸಿ. ಭಾವ ಕುರ್ಚಿಯಲ್ಲಿ ಕೂತು ಗಾಗಲ್ಸ್‌ನಲ್ಲಿ ಕೆಳಗಿನ ಚಿತ್ರ ನೋಡಿ "ಸ್ವಲ್ಪ ಎಡಕ್ಕೆ, ಹಾಂ, ಈಗ ಒತ್ತು" ಎಂದು ಹೇಳಲಿ. ಛತ್ರಿ ಹಿಡಿಯುವುದಕ್ಕಿಂತ ಮರ್ಯಾದೆಯ ಕೆಲಸ.

ಇನ್ನು ಆ ಕೆಳಗಿನ ಚಿತ್ರ ಎಲ್ಲಿಂದ ತರುವುದು? ಹೆಚ್ಚಿನವರು ಸ್ಟಿಲ್ ಕ್ಯಾಮೆರಾದ ಎವಿ ಔಟ್ ಎಂಬ ವಿಡಿಯೋ ಹೊರಬರುವ ತೂತಿನಿಂದಲೇ ತಂತಿ ಎಳೆಯುತ್ತಾರೆ. ಬೇಡ. ಒಂದೊಂದು ಫೋಟೋ ಕ್ಲಿಕ್ ಆದಾಗಲೂ ಆ ಚಿತ್ರ ಒಂದು ಗಳಿಗೆ ಕಪ್ಪಾಗುತ್ತದೆ. ಪವರ್‌ಶಾಟ್‌ಗಳಲ್ಲಿ ಹಲವಕ್ಕೆ ಎವಿಗೂ ಯುಎಸ್‌ಬಿಗೂ ಒಂದೇ ತೂತು ಬೇರೆ. ಯುಎಸ್‌ಬಿಯಿಂದ ಕ್ಲಿಕ್ ಮಾಡಿಸುವ ಯೋಚನೆ ಇದ್ದರೆ ಎವಿ ತಂತಿಗೆ ಜಾಗವೇ ಇಲ್ಲ.

ಅದರ ಬದಲು ಇನ್ನೊಂದು ಬೋರ್ಡ್ ಕ್ಯಾಮೆರಾ ತಂದು ಸ್ಟಿಲ್ ಕ್ಯಾಮೆರಾದ ಪಕ್ಕದಲ್ಲೇ ಕೆಳಮುಖವಾಗಿ ಕೂರಿಸಿ. ಲೆನ್ಸ್ ಆಯ್ಕೆಯಲ್ಲಿ ಜಾಣತನ ಬೇಕು. 1/3 ಇಂಚಿನ ಸೆನ್ಸರ್‌ಗೆ 3.6 ಮಿ.ಮೀ. ಲೆನ್ಸ್ ಹಾಕಿದರೆ ಅಡ್ಡಕ್ಕೆ ಸುಮಾರು 67 ಡಿಗ್ರಿ ಕಾಣುತ್ತದೆ. ನಿಮ್ಮ ಪವರ್‌ಶಾಟ್ ಹಳೆಯ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 28 ಮಿ.ಮೀ.ಯದಾದರೆ ಅದರ ಅಗಲ ನೋಟ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಭಾವ ಗಾಗಲ್ಸ್‌ನಲ್ಲಿ ಕಂಡದ್ದೇ ಫೋಟೋದಲ್ಲೂ ಬರುತ್ತದೆ. 2.8ರ ಲೆನ್ಸ್ ಹಾಕಿದರೆ 80 ಡಿಗ್ರಿ ದಾಟುತ್ತದೆ. ಅದರಲ್ಲಿ ಅಂಚಿಗೆ ಕಂಡ ಮರ ಫೋಟೋದಲ್ಲಿ ಇರುವುದಿಲ್ಲ. ಎರಡು ಕ್ಯಾಮೆರಾಗಳಿಗೆ ಒಂದು ವಿಡಿಯೋ ಸ್ವಿಚ್ ಹಾಕಿ, ರೇಡಿಯೋದ ಖಾಲಿ ಚಾನೆಲ್‌ಗೆ ಕಟ್ಟಿ. ಬೇಕಾದಾಗ ಮೂಗು, ಬೇಕಾದಾಗ ಹೊಟ್ಟೆ.

ಒಂದು ಮಾತು ಗಮನದಲ್ಲಿರಲಿ. ಅನಲಾಗ್ ಚಿತ್ರ ಎಂದರೆ ಹಳೆಯ ಟಿವಿಯ ಪಾಲ್ ಪದ್ಧತಿಯ 576 ಗೆರೆ, ಅಷ್ಟೇ. ಚೌಕಟ್ಟು ಹಿಡಿಯಲು ಸಾಕು. ಫೋಕಸ್ ಕೂತಿದೆಯಾ, ಬೆಳಕು ಸರಿಯಿದೆಯಾ ಎಂದು ಅದರಲ್ಲಿ ತೀರ್ಮಾನ ಮಾಡಲು ಹೋಗಬೇಡಿ. ಅವನ್ನು ನೆಲದಲ್ಲೇ ಹೊಂದಿಸಿ: ಫೋಕಸ್ ಅನಂತಕ್ಕೆ, ಶಟರ್ 1/1000. ವಿಮಾನ ಸೆಕೆಂಡಿಗೆ 15 ಮೀಟರ್ ಹೋದರೂ ಅಷ್ಟರಲ್ಲಿ ಸರಿಯುವುದು ಒಂದೂವರೆ ಸೆಂಟಿಮೀಟರ್ ಮಾತ್ರ.

ತೋಟದಂಚು:

ಮೇಷ್ಟ್ರೇ, ಭಾವನಿಗೆ ಓದಿ ಹೇಳಿದೆ. ಒತ್ತು ಎಂದು ಆರ್ಡರ್ ಮಾಡುವ ಭಾಗ ತುಂಬಾ ಇಷ್ಟವಾಯಿತಂತೆ. ಅವರಿಗೆ 52 ವಯಸ್ಸು, ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಚಾಳೀಸು ಬೇಕು. ಕಣ್ಣಿನ ಬುಡದಲ್ಲೇ ಪರದೆ ಇದ್ದರೆ ಅವರಿಗೆ ಕಾಣುತ್ತದಾ? ಮತ್ತೆ, ತಲೆ ತಿರುಗಿಸಿದರೆ ಕ್ಯಾಮೆರಾ ತಿರುಗುವ ಹೆಡ್ ಟ್ರ್ಯಾಕರ್ ಹಾಕಿದರೆ ಹೇಗೆ?

ಕಣ್ಣು ಪರೀಕ್ಷೆ ಅಕ್ಕ:

ನಾನು ವಿಮಾನ ಹಾರಿಸುವವಳಲ್ಲ, ತಮ್ಮ ಹಾರಿಸುತ್ತಾನೆ. ಕೆಲಸ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆ. ಅದಕ್ಕೇ ಈ ಭಾಗಕ್ಕೆ ಉತ್ತರಿಸುತ್ತೇನೆ.

ಪರದೆ ಹತ್ತಿರ ಇದ್ದರೂ ನಡುವಿನ ಲೆನ್ಸ್ ಚಿತ್ರವನ್ನು ದೂರಕ್ಕೆ ತಳ್ಳುತ್ತದೆ. ಕಣ್ಣಿಗೆ ಅದು ಸಾಮಾನ್ಯವಾಗಿ ಕೆಲವು ಮೀಟರ್ ಆಚೆ ಇದ್ದ ಹಾಗೆ. ಹಾಗಾಗಿ ನಿಮ್ಮ ಭಾವನವರಿಗೆ ಗಾಗಲ್ಸ್‌ನಲ್ಲಿ ಚಾಳೀಸು ಬೇಡ. ತಮಾಷೆ ನೋಡಿ, ಮಾನಿಟರ್ ನೋಡುವುದಕ್ಕೇ ಅವರಿಗೆ ಚಾಳೀಸು ಬೇಕಾಗುವುದು.

ನೀವು ಹಾಕಿಕೊಳ್ಳುವುದಾದರೆ, ಎರಡು ಚಿಕ್ಕ ಪರದೆಯ ತೆಳು ಗಾಗಲ್ಸ್‌ಗೆ ಒಳಗೆ ಸಿಕ್ಕಿಸುವ ಲೆನ್ಸ್ ಮೈನಸ್ 2, 4, 6 ಹೀಗೆ ಸಿಗುತ್ತವೆ. ನಿಮ್ಮ 4.5ಕ್ಕೆ 4ರದ್ದು ಹಾಕಿ. ಚಿತ್ರ 2 ಮೀಟರ್ ದೂರದಲ್ಲಿದ್ದರೆ 0.5 ಪವರ್ ಅಲ್ಲೇ ಉಳಿಯಿತು. ಸಿಲಿಂಡರ್ ಪವರ್ (ಅಸ್ಟಿಗ್ಮಾಟಿಸಂಗೆ ಕೊಡುವುದು) ಜಾಸ್ತಿ ಇರುವವರಿಗೆ ಈ ಲೆನ್ಸ್ ಸಾಲದು, ಅವರು ಕನ್ನಡಕದ ಮೇಲೆ ಕೂರುವ ಡಬ್ಬಿ ಮಾದರಿಯನ್ನೇ ನೋಡಬೇಕು. ಡಿಜೆಐ ಎಂಬ ಡ್ರೋನ್ ಕಂಪನಿಯ ಗಾಗಲ್ಸ್ 2ರಲ್ಲಿ ಪ್ಲಸ್ 2ರಿಂದ ಮೈನಸ್ 8ರವರೆಗೆ ಗುಂಡಿ ತಿರುಗಿಸಿಯೇ ಹೊಂದಿಸಬಹುದು, ಆದರೆ ಅದು ಡಿಜಿಟಲ್, ನಿಮ್ಮ ಅನಲಾಗ್ ಟ್ರಾನ್ಸ್‌ಮಿಟರ್ ಜೊತೆ ನೇರವಾಗಿ ಮಾತಾಡುವುದಿಲ್ಲ ಎಂದ ತಮ್ಮ.

ಕೊಳ್ಳುವ ಮುಂಚೆ ಎರಡು ಪಾಪೆಗಳ ನಡುವಿನ ಅಂತರ ಅಳೆಸಿಕೊಳ್ಳಿ. ದೊಡ್ಡವರಲ್ಲಿ 60ರಿಂದ 65 ಮಿ.ಮೀ. ಆಸುಪಾಸು ಇರುತ್ತದೆ. ಎರಡು ಪರದೆಯ ಗಾಗಲ್ಸ್ ಆ ಅಂತರಕ್ಕೆ ಹೊಂದದಿದ್ದರೆ ಚಿತ್ರ ಎರಡೆರಡಾಗಿ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಹಣೆ ನೋಯುತ್ತದೆ.

ಸೋಲ್ಡರಿಂಗ್ ಮೇಷ್ಟ್ರು:

ಅಕ್ಕ ಹೇಳಿದ್ದು ಸರಿ. ಹೆಡ್ ಟ್ರ್ಯಾಕರ್ ವಿಷಯ: ಆಟಕ್ಕೆ ಚೆನ್ನ, ನಿಮ್ಮ ಕೆಲಸಕ್ಕೆ ದಂಡ. ತಲೆ ತಿರುಗಿದ್ದನ್ನು ಅಳೆಯುವ ಅದರ ಗೈರೋ ನಿಧಾನವಾಗಿ ಜಾರುತ್ತದೆ. ಭಾವ ನೇರವಾಗಿ ನೋಡುತ್ತಿದ್ದರೂ ಕ್ಯಾಮೆರಾ ಪಕ್ಕಕ್ಕೆ ಸರಿದಿರುತ್ತದೆ, ಆಗಾಗ ಗುಂಡಿ ಒತ್ತಿ ನಡುವಿಗೆ ತರಬೇಕು. ಕೆಳಮುಖ ಫೋಟೋಗೆ ಕ್ಯಾಮೆರಾ ಗಟ್ಟಿಯಾಗಿ ಕೂತಿರುವುದೇ ಮೇಲು.

ತಲೆ ಸುತ್ತುವುದು ಸುಳ್ಳಲ್ಲ. ಆಗುಂಬೆ ಘಾಟಿಯಲ್ಲಿ ಬಸ್ ಡ್ರೈವರಿಗೆ ವಾಂತಿ ಬರುವುದಿಲ್ಲ, ಹಿಂದೆ ಕೂತವರಿಗೆ ಬರುತ್ತದೆ ಅಲ್ವಾ? ಇಲ್ಲೂ ಹಾಗೇ. ಯಾವ ಕಡೆ ತಿರುಗಿಸುತ್ತೇನೆ ಎಂದು ಹಾರಿಸುವವನಿಗೆ ಮೊದಲೇ ಗೊತ್ತು, ಭಾವನಿಗೆ ಗೊತ್ತಿಲ್ಲ. ಆದ್ದರಿಂದ ತಿರುಗಿಸುವ ಮುಂಚೆ ಬಾಯಲ್ಲಿ ಹೇಳಿ. ತಿರುವಿನಲ್ಲಿ ಅವರು ಕಣ್ಣು ಮುಚ್ಚಿಕೊಳ್ಳಲಿ. ನಿಂತುಕೊಂಡಂತೂ ಬೇಡ, ವಿಮಾನ ವಾಲಿದ ಕಡೆ ಮೈಯೂ ವಾಲುತ್ತದೆ.

ಇನ್ನು ಆ ನೀಲಿ ಪರದೆ. ಟಿವಿಗೆ ಮಾಡಿದ ಮಾನಿಟರ್‌ಗಳ ಬುದ್ಧಿ ಅದು, ಸಿಗ್ನಲ್ ಸ್ವಲ್ಪ ಹದಗೆಟ್ಟರೆ ಇರುವ ಚಿತ್ರವನ್ನೂ ಮುಚ್ಚಿಬಿಡುತ್ತವೆ. ನಮಗೆ ಬೇಕಾದದ್ದು ಚುಕ್ಕೆಚುಕ್ಕೆಯಾಗಿಯಾದರೂ ಚಿತ್ರ ತೋರಿಸುವಂಥದ್ದು. ಗಾಗಲ್ಸ್ ಕೊಳ್ಳುವಾಗಲೂ ಇದನ್ನು ಕೇಳಿ.

ಆದರೆ ನಿಮ್ಮ ಸಿಗ್ನಲ್ ಹೋಗುವುದಕ್ಕೆ ಅಸಲು ಕಾರಣ ಅಡಿಕೆ ಮರ. ಹಸಿ ಸೋಗೆ 5.8 ಗಿಗಾಹರ್ಟ್ಸ್ ಅಲೆಯನ್ನು ನುಂಗಿಬಿಡುತ್ತದೆ. ಆಂಟೆನಾ ಗಾಗಲ್ಸ್ ಮೇಲೆಯೇ ಇದ್ದರೆ ಭಾವ ತಲೆ ತಿರುಗಿಸಿದ ಕಡೆಗೆಲ್ಲ ಅದೂ ತಿರುಗುತ್ತದೆ. ಅದಕ್ಕೆ ವಿಡಿಯೋ ಸಿಗ್ನಲ್ ಹಿಡಿಯುವ ರಿಸೀವರನ್ನು ಆಂಟೆನಾ ಸಮೇತ ಒಂದು ಕೋಲಿನ ತುದಿಗೆ ಕಟ್ಟಿ, ಮರದ ತಲೆಗಿಂತ ಎತ್ತರದ ದಿಬ್ಬದಲ್ಲಿ ನಿಲ್ಲಿಸಿ. ಅಲ್ಲಿಂದ ಗಾಗಲ್ಸ್‌ನ ಎವಿ ಇನ್‌ಗೆ ವಿಡಿಯೋ ತಂತಿ ಇಳಿಸಿ. ಉದ್ದ ಮಾಡಬೇಕಾದದ್ದು ವಿಡಿಯೋ ತಂತಿ, ಆಂಟೆನಾ ತಂತಿಯಲ್ಲ. 5.8ರಲ್ಲಿ ತೆಳು ಕೋಆಕ್ಸ್ (ಆಂಟೆನಾ ತಂತಿ) ಒಂದೆರಡು ಮೀಟರಿಗೇ ಬಹಳ ಸಿಗ್ನಲ್ ತಿಂದುಹಾಕುತ್ತದೆ.

ಮನೆಯಲ್ಲಿ ಕೊನೆ ತೆಗೆಯುವ ದೋಟಿ ಇದ್ದೇ ಇರುತ್ತದೆ, ಅದಕ್ಕೇ ಕಟ್ಟೋಣ ಅನ್ನಿಸಬಹುದು. ಈಗಿನದು ಕಾರ್ಬನ್ ಫೈಬರ್ ದೋಟಿಯಾದರೆ ಬೇಡ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಪಕ್ಕದ ಆಂಟೆನಾವನ್ನು ಕೆಡಿಸುತ್ತದೆ. ಬಿದಿರಿನ ಗಳ ಒಳ್ಳೆಯದು.

ಕ್ವಾಡ್ ಕಿಟ್ಟಿ:

ಮೇಷ್ಟ್ರೇ, ಒಪ್ಪಿದೆ, ಇದು ಬೇರೆ ಆಟ. ಆದರೆ ಒಂದು ಡೌಟು. ರೋಗದ ನಕ್ಷೆ ಬೇಕು ಅಂದರೆ ಇಡೀ ತೋಟ ಸಾಲುಸಾಲಾಗಿ ತೆಗೆಯಬೇಕು. ಅದಕ್ಕೆ ಒಬ್ಬರು ನೋಡಿ ನೋಡಿ ಒತ್ತುವುದು ಯಾಕೆ? ತಾನಾಗೇ ಕ್ಲಿಕ್ ಆಗುವ ಹಾಗೆ ಮಾಡಬಾರದಾ?

ಮತ್ತೆ ಕಾನೂನು: 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸದ ಮಾಡೆಲ್ ವಿಮಾನ ಅಂದರೆ ಕಣ್ಣಳತೆಯಲ್ಲಿ ಹಾರಿಸುವಂಥದ್ದು ಅಂತಲೇ ಇದೆ. 250 ಗ್ರಾಂನಿಂದ 2 ಕೆ.ಜಿ.ವರೆಗಿನದು ಮೈಕ್ರೋ, ವ್ಯಾಪಾರಕ್ಕಲ್ಲದಿದ್ದರೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಮಿತಿ. ವಲಯದ ನಕ್ಷೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನೋಡಿಕೊಳ್ಳಿ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣ ನಿಮಗೆ ದೂರವೇ, ಆದರೂ ನೋಡಿಬಿಡಿ.

ಸೋಲ್ಡರಿಂಗ್ ಮೇಷ್ಟ್ರು:

ಕಿಟ್ಟಿ ಈಗ ದಾರಿಗೆ ಬಂದರು. ಹೌದು, ನಕ್ಷೆಗೆ ಗಾಗಲ್ಸೇ ಬೇಡ. ಪವರ್‌ಶಾಟ್‌ಗೆ ಸಿಎಚ್‌ಡಿಕೆ ಎಂಬ ಪುಕ್ಕಟೆ ತಂತ್ರಾಂಶ ಇದೆ. ಮೆಮೊರಿ ಕಾರ್ಡಿಗೆ ಹಾಕಿದರೆ ಇಷ್ಟು ಸೆಕೆಂಡಿಗೆ ಒಂದು ಎಂದು ಕ್ಯಾಮೆರಾ ತಾನೇ ತೆಗೆಯುತ್ತದೆ. ನಿಮ್ಮ ಮಾದರಿಗೆ ಇದೆಯಾ ನೋಡಿ. 100 ಮೀಟರ್ ಎತ್ತರದಿಂದ 28 ಮಿ.ಮೀ. ನೋಟದಲ್ಲಿ ಒಂದು ಫೋಟೋಗೆ ಸುಮಾರು 125 ಮೀಟರ್ ಅಗಲ, 90 ಮೀಟರ್ ಉದ್ದ ಸಿಗುತ್ತದೆ. ಆ 90 ಮೀಟರಿನ ಕಡೆಯನ್ನು ಹಾರುವ ದಿಕ್ಕಿಗೆ ಇಟ್ಟು, ಒಂದರ ಮೇಲೊಂದು ಅರ್ಧಕ್ಕಿಂತ ಜಾಸ್ತಿ ಬರಬೇಕೆಂದರೆ ಎರಡೂವರೆ ಸೆಕೆಂಡಿಗೊಂದು ಇಡಿ. ನೀವು ನೇರವಾಗಿ ಹೋಗಿ ಬಂದು ಮಾಡಿದರೆ ಸಾಕು.

ಗಾಗಲ್ಸ್ ಬೇಕಾಗುವುದು ಆಮೇಲೆ. ನಕ್ಷೆಯಲ್ಲಿ ಯಾವುದೋ ಮೂಲೆ ಹಳದಿಯಾಗಿ ಕಂಡಿತು, ಅದನ್ನೇ ಹತ್ತಿರದಿಂದ ನೋಡಬೇಕು ಅನ್ನಿಸಿತು. ಆಗ ಭಾವನ ಕೆಲಸ ಶುರು.

ಎತ್ತರದ ಬಗ್ಗೆ ಒಂದು ಮಾತು. ಪರದೆಯಲ್ಲಿ ಬರುವ ಎತ್ತರ ಹಾರಿಸಿದ ಜಾಗದಿಂದ ಲೆಕ್ಕ. ನೀವು ದಿಬ್ಬದಿಂದ ಬಿಟ್ಟರೆ ಕಣಿವೆಯ ನಡುವೆ ವಿಮಾನ ನೆಲದಿಂದ ಇನ್ನೂ ಎತ್ತರದಲ್ಲಿರುತ್ತದೆ, ಎದುರಿನ ಗುಡ್ಡದ ಹತ್ತಿರ ಕಡಿಮೆ. 120ರ ಮಿತಿಗೂ, ಮರಕ್ಕೆ ತಾಗದಿರುವುದಕ್ಕೂ ಇದನ್ನು ಲೆಕ್ಕ ಹಾಕಿಕೊಳ್ಳಬೇಕು.

ತೋಟದಂಚು:

ತುಂಬಾ ಥ್ಯಾಂಕ್ಸ್. ಮೊದಲು ಸಿಎಚ್‌ಡಿಕೆ ಹಾಕಿ ನೋಡುತ್ತೇನೆ, ನನ್ನ ಮಾದರಿ ಪಟ್ಟಿಯಲ್ಲಿದೆ. ಗಾಗಲ್ಸ್ ಸೆಕೆಂಡ್ ಹ್ಯಾಂಡ್ ಒಂದು ಸಿಗುತ್ತಿದೆ, ಆದರೆ ಚಿತ್ರದ ನಡುವೆ ಒಂದು ಕಂದು ಕಲೆ ಇದೆ. ಮಾರುವವರು ಲೆನ್ಸ್ ಒರೆಸಿದರೆ ಹೋಗುತ್ತದೆ ಅನ್ನುತ್ತಾರೆ.

ಸೋಲ್ಡರಿಂಗ್ ಮೇಷ್ಟ್ರು:

ಹೋಗುವುದಿಲ್ಲ. ಲೆನ್ಸ್ ಬಿಸಿಲಿಗೆ ಮುಖ ಮಾಡಿಟ್ಟಾಗ ಬೆಳಕು ಒಳಗೆ ಒಂದು ಚುಕ್ಕೆಯಾಗಿ ಕೂಡಿ ಪರದೆ ಸುಟ್ಟಿರುವ ಗುರುತು ಅದು. ಬಿಟ್ಟುಬಿಡಿ, ಬೇರೆ ನೋಡಿ. ಹೊಸದು ತಂದಾಗಲೂ ತಲೆಯಿಂದ ತೆಗೆದ ತಕ್ಷಣ ಲೆನ್ಸ್ ಮೇಲೆ ಬಟ್ಟೆ ಮುಚ್ಚಿ ಚೀಲಕ್ಕೆ ಹಾಕಲು ಭಾವನಿಗೆ ಹೇಳಿ.