ಸುಡು ಬಿಸಿಲಿಗೆ ನೆಲ ಮುಚ್ಚುವ ಹೂಗಿಡ ಯಾವುದು ಹಾಕಲಿ?

ದಾವಣಗೆರೆ ಮನೆಯವಳು:
ಎಲ್ಲರಿಗೂ ನಮಸ್ಕಾರ. ಗೇಟಿನಿಂದ ಜಗಲಿವರೆಗೆ 12 ಅಡಿ ಉದ್ದ, 4 ಅಡಿ ಅಗಲದ ಮಣ್ಣಿನ ಜಾಗ ಇದೆ. ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಬಿಸಿಲು. ಹುಲ್ಲು ಹಾಕಿಸಿದ್ದೆವು, ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ಈಗ ಬರೀ ಜೇಕು. ಅಮ್ಮನಿಗೆ 72 ವರ್ಷ, ಮಂಡಿ ನೋವು. ಆದರೂ ಬಗ್ಗಿ ಕಳೆ ಕೀಳುತ್ತಾರೆ, ಬೇಡ ಅಂದರೂ ಕೇಳಲ್ಲ. ನಾನು ಎಂಟೂವರೆಗೆ ಕೆಲಸಕ್ಕೆ ಹೋದರೆ ಬರುವುದು ಏಳಕ್ಕೆ. ನರ್ಸರಿಯಲ್ಲಿ ಹಳದಿ ಹೂವಿನ ವೆಡೇಲಿಯಾ ತೋರಿಸಿದರು. ಹಾಕಬಹುದಾ?

ಶಿವಮೊಗ್ಗ ತೋಟ:
ವೆಡೇಲಿಯಾ ಬೇಡ ಅಕ್ಕ. ನೋಡಲು ಚೆಂದ, ಆದರೆ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ನಾನು ಬದುವಿಗೆ ಅಂತ ನೆಟ್ಟೆ, ಎರಡು ಮಳೆಗಾಲದಲ್ಲಿ ಕಾಲುವೆ ಪೂರ್ತಿ ಅದೇ. ಕಿತ್ತ ತುಂಡು ಬಿದ್ದಲ್ಲೆಲ್ಲ ಮತ್ತೆ ಚಿಗುರುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ನೆಲಕ್ಕೆ ಹಬ್ಬುವ ಇನ್ನೊಂದು ಹಳದಿ ಹೂಗಿಡ ಪಿಂಟೋ ನೆಲಗಡಲೆ, ನಮ್ಮ ಅಡಿಕೆ ತೋಟದ ನೆರಳಿಗೆ ಒಳ್ಳೆಯದು. ನಿಮ್ಮ ಬಿಸಿಲಿಗೆ ಅದು ನೀರು ಜಾಸ್ತಿ ಕೇಳುತ್ತದೆ.

ಚಿತ್ರದುರ್ಗದ ಅಂಗಳ:
ಟೇಬಲ್ ರೋಸ್ ಹಾಕಿ. ಎಲೆ, ಕಾಂಡದಲ್ಲೇ ನೀರು ಇಟ್ಟುಕೊಳ್ಳುವ ಗಿಡ. ನಮ್ಮ ಅಂಗಳದಲ್ಲಿ ಆರು ವರ್ಷದಿಂದ ಇದೆ.

ಆದರೆ ಮೊದಲು ಜೇಕು. ಮೇಲೆ ಕಿತ್ತರೆ ಏನೂ ಆಗಲ್ಲ, ಗಡ್ಡೆ ಒಳಗೇ ಉಳಿಯುತ್ತದೆ. ಹಿಂದಿನ ದಿನ ನೀರು ಬಿಟ್ಟು, ಒಂದು ಗೇಣಿಗಿಂತ ಆಳ ಅಗೆದು ಗಡ್ಡೆ ಆರಿಸಿ. ಹತ್ತು ದಿನ ಬಿಟ್ಟು, ಚಿಗುರಿದ ಕಡೆ ಮತ್ತೆ ಅಗೆಯಿರಿ. ಈ ಕೆಲಸಕ್ಕೆ ಸೋಮಾರಿತನ ಮಾಡಬೇಡಿ. ಹೂಗಿಡ ಹಬ್ಬಿದ ಮೇಲೆ ಮಧ್ಯೆ ಕೈ ಹಾಕಿ ಜೇಕು ಕೀಳುವುದು ಬಹಳ ಕಷ್ಟ.

ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮರಳು ಬೆರೆಸಿ, ಪಾತಿ ಸ್ವಲ್ಪ ಎತ್ತರಿಸಿ. ಮಳೆ ನೀರು ನಿಂತರೆ ಕೊಳೆಯುತ್ತದೆ, ಬಿಸಿಲಿಗೆ ಸಾಯುವುದಕ್ಕಿಂತ ನೀರಿಗೆ ಸಾಯುವುದೇ ಜಾಸ್ತಿ. ಗೊಬ್ಬರ ಕಡಿಮೆ ಇರಲಿ. ಅರ್ಧ ಅಡಿಗೊಂದರಂತೆ ನಿಮ್ಮ ಜಾಗಕ್ಕೆ ಸುಮಾರು 200 ತುಂಡು ಬೇಕು. ಅಷ್ಟೂ ಕೊಳ್ಳಬೇಡಿ. ಹತ್ತು ಗಿಡ ತಂದು, ಬೆಳೆದಂತೆ ನಾಲ್ಕು ಬೆರಳು ಉದ್ದದ ತುಂಡು ಕತ್ತರಿಸಿ ನೆಡುತ್ತಾ ಹೋಗಿ. ಬೇರು ಹಿಡಿದ ಮೇಲೆ ಮಣ್ಣು ಒಣಗಿದಾಗ ಮಾತ್ರ ನೀರು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೂವು ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನ ದಾಟಿದರೆ ಮುಚ್ಚಿಕೊಳ್ಳುತ್ತದೆ. ಮೋಡವಿದ್ದರೆ ಸರಿಯಾಗಿ ಅರಳುವುದೇ ಇಲ್ಲ. ನೀವು ಏಳಕ್ಕೆ ಬಂದರೆ ನಿಮಗೆ ಹೂವು ಕಾಣುವುದು ರಜೆಯ ದಿನ ಮಾತ್ರ.

ದಾವಣಗೆರೆ ಮನೆಯವಳು:
ನನಗೆ ಕಾಣದಿದ್ದರೂ ಪರವಾಗಿಲ್ಲ. ಅಮ್ಮ ತಿಂಡಿ ಮುಗಿಸಿ, ಹತ್ತು ಗಂಟೆಗೆ ಜಗಲಿ ಮೇಲೆ ಕೂತು ಅಕ್ಕಿ ಆರಿಸುತ್ತಾರೆ. ಅದೇ ಹೊತ್ತಿಗೆ ಅರಳುತ್ತದೆ ಅಲ್ವಾ, ಇದೇ ಆಗಲಿ. ಈ ಭಾನುವಾರ ನಾನೇ ಅಗೆಯುತ್ತೇನೆ. ಜೇಕಿನ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ?

ಚಿತ್ರದುರ್ಗದ ಅಂಗಳ:
ಬೇಡ, ಅಲ್ಲೂ ಚಿಗುರುತ್ತದೆ. ತಾರಸಿ ಮೇಲೆ ಹರಡಿ, ಪೂರ್ತಿ ಒಣಗಿ ಗಟ್ಟಿಯಾಗಲಿ. ಆಮೇಲೆ ಸುಟ್ಟುಬಿಡಿ.