ಜನರಲ್ ಲಾಂಗ್‌ಸ್ಟ್ರೀಟ್ ಮನೆಯವರ ಬಗ್ಗೆ ಗೊತ್ತಿದ್ದವರು ಹೇಳ್ತೀರಾ?

ಗೋಣಿಕೊಪ್ಪದ ಹುಡುಗಿ:
ನಮಸ್ಕಾರ. ಕಾಲೇಜಿನಲ್ಲಿ ಅಮೆರಿಕದ ಅಂತರ್ಯುದ್ಧದ ಮೇಲೆ ಸೆಮಿನಾರ್ ಇದೆ. ನನ್ನ ಪಾಲಿಗೆ ಬಂದಿರುವುದು ದಕ್ಷಿಣದ ಕಡೆಯ ಜನರಲ್ ಜೇಮ್ಸ್ ಲಾಂಗ್‌ಸ್ಟ್ರೀಟ್. ಗೆಟಿಸ್‌ಬರ್ಗ್ ಕದನದ ಬಗ್ಗೆ ಬೇಕಾದಷ್ಟು ಸಿಕ್ಕಿತು. ಮನೆ, ಮಕ್ಕಳು, ಆಮೇಲಿನ ಬದುಕು ಏನೂ ಸಿಗಲಿಲ್ಲ. ಅವರ ಕಡೆಯವರೇ ದ್ರೋಹಿ ಅಂದರಂತೆ, ಯಾಕೆ?

ಮಾಜಿ ಸುಬೇದಾರ್, ವಿರಾಜಪೇಟೆ:
ಮಗಳೇ, ಹುಟ್ಟಿದ್ದು 1821ರಲ್ಲಿ, ಸೌತ್ ಕ್ಯಾರೊಲಿನಾದಲ್ಲಿ. ಬೆಳೆದದ್ದು ಜಾರ್ಜಿಯಾದಲ್ಲಿ. ಅಪ್ಪನದು ಹತ್ತಿ ಬೆಳೆ, ದುಡಿಯುವವರು ಗುಲಾಮರು. ಇದನ್ನು ಬಿಡಬೇಡ. ದಕ್ಷಿಣದವರು ಆ ಯುದ್ಧಕ್ಕೆ ಇಳಿದಿದ್ದೇ ಗುಲಾಮಗಿರಿ ಉಳಿಸಿಕೊಳ್ಳಲು.

1833ರಲ್ಲಿ ಅಪ್ಪ ಕಾಲರಾ ಬಂದು ತೀರಿಕೊಂಡರು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಮುಗಿಸಿದ್ದು 1842ರಲ್ಲಿ. ಅಲ್ಲಿ ಗ್ರಾಂಟ್ ಗೆಳೆಯರಾದರು. ಮುಂದೆ ಉತ್ತರದ ಸೇನೆ ನಡೆಸಿದ್ದು ಅದೇ ಗ್ರಾಂಟ್. ಹೆಂಡತಿ ಲೂಯಿಸಾ, ಸೇನಾಧಿಕಾರಿ ಜಾನ್ ಗಾರ್ಲೆಂಡ್ ಅವರ ಮಗಳು.

1862ರ ಚಳಿಗಾಲ ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ. ಸಂಸಾರ ರಿಚ್ಮಂಡ್‌ನಲ್ಲಿತ್ತು. ಊರಲ್ಲಿ ಸ್ಕಾರ್ಲೆಟ್ ಜ್ವರ. ಮೊದಲು ಒಂದು ವರ್ಷದ ಮೇರಿ ಆನ್ ಹೋದಳು. ಮರುದಿನ ನಾಲ್ಕು ವರ್ಷದ ಜೇಮ್ಸ್. ಕೆಲವೇ ದಿನಕ್ಕೆ ಆರು ವರ್ಷದ ಆಗಸ್ಟಸ್. ದೊಡ್ಡ ಮಗ ಗಾರ್ಲೆಂಡ್ ಹೇಗೋ ಬದುಕಿಕೊಂಡ. ಗಂಡ ಹೆಂಡತಿಗೆ ದಿಕ್ಕೇ ತೋಚಲಿಲ್ಲ. ಅಂತ್ಯಕ್ರಿಯೆಯ ಓಡಾಟವನ್ನೆಲ್ಲ ಗೆಳೆಯ ಜಾರ್ಜ್ ಪಿಕೆಟ್ ನೋಡಿಕೊಂಡರು. ಅಲ್ಲಿಯವರೆಗೆ ಲಾಂಗ್‌ಸ್ಟ್ರೀಟ್ ಅವರ ಡೇರೆ ಅಂದರೆ ಇಸ್ಪೀಟು, ಕುಡಿತ, ನಗು. ಆಮೇಲೆ ಅವೆಲ್ಲ ನಿಂತುಹೋದವು.

ಸೋಮವಾರಪೇಟೆ ಬೆಳೆಗಾರ:
ದ್ರೋಹಿ ಅಂದಿದ್ದಕ್ಕೆ ಕಾರಣ ಯುದ್ಧ ಮುಗಿದ ಮೇಲಿನದು. ಸೋತಿದ್ದೇವೆ, ಕಪ್ಪು ಜನರಿಗೆ ಮತದ ಹಕ್ಕು ಕೊಡುವ ಹೊಸ ಕಾನೂನು ಒಪ್ಪಿಕೊಳ್ಳೋಣ ಎಂದು ಅವರು 1867ರಲ್ಲಿ ಪತ್ರಿಕೆಗೆ ಬರೆದರು. ಗ್ರಾಂಟ್ ಅಧ್ಯಕ್ಷರಾದಾಗ ಸರ್ಕಾರಿ ಕೆಲಸ ಕೊಟ್ಟರು, ಇವರು ತೆಗೆದುಕೊಂಡರು. 1874ರ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ವೈಟ್ ಲೀಗ್ ಎಂಬ ಬಿಳಿಯರ ಸಶಸ್ತ್ರ ಗುಂಪಿನವರು ಸರ್ಕಾರದ ವಿರುದ್ಧ ದಂಗೆ ಎದ್ದರು. ಎದುರಿಗೆ ನಿಂತ ಕಪ್ಪು ಸೈನಿಕರ ಮತ್ತು ಪೊಲೀಸರ ಮುಂದಾಳು ಲಾಂಗ್‌ಸ್ಟ್ರೀಟ್. ಆ ದಂಗೆಕೋರರಲ್ಲಿ ಅವರ ಹಳೆಯ ಸೈನ್ಯದವರೂ ಇದ್ದರು! ಗೆಟಿಸ್‌ಬರ್ಗ್ ಸೋಲಿನ ಹೊಣೆಯನ್ನೂ ದಕ್ಷಿಣದ ಇನ್ನೊಬ್ಬ ಜನರಲ್ ಜೂಬಲ್ ಅರ್ಲಿಯಂಥವರು ಇವರ ತಲೆಗೇ ಕಟ್ಟಿದರು. ಅದೂ ಆ ಕದನದಲ್ಲಿ ದಕ್ಷಿಣದ ಸೇನೆ ನಡೆಸಿದ್ದ ಜನರಲ್ ಲೀ ತೀರಿಕೊಂಡ ಮೇಲೆ. ಇದು ಅನ್ಯಾಯ ಅಲ್ವಾ?

ಗೋಣಿಕೊಪ್ಪದ ಹುಡುಗಿ:
ಥ್ಯಾಂಕ್ಸ್ ಅಂಕಲ್. ಅವರ ಪರವಾಗಿ ಯಾರೂ ಮಾತಾಡಲಿಲ್ವಾ?

ಮಾಜಿ ಸುಬೇದಾರ್, ವಿರಾಜಪೇಟೆ:
ಮಾತಾಡಿದ್ದು ಎರಡನೆಯ ಹೆಂಡತಿ ಹೆಲೆನ್. ಲೂಯಿಸಾ 1889ರಲ್ಲಿ ತೀರಿಕೊಂಡಿದ್ದರು. 1897ರ ಮದುವೆಯಲ್ಲಿ ಇವರಿಗೆ 76, ಆಕೆಗೆ 34. ಮಕ್ಕಳಿಗೆ ಈ ಮದುವೆ ಹಿಡಿಸಲಿಲ್ಲ. 1904ರಲ್ಲಿ ಗಂಡ ಹೋದ ವರ್ಷವೇ ಆಕೆ ಅವರ ಪರ ಒಂದು ಪುಸ್ತಕ ಪ್ರಕಟಿಸಿದರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ, 80ರ ವಯಸ್ಸಿಗೆ, ಜಾರ್ಜಿಯಾದ ಬಾಂಬರ್ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. 1962ರವರೆಗೂ ಬದುಕಿದ್ದರು. ನಮ್ಮ ಐನ್‌ಮನೆಗಳಲ್ಲೂ ಯೂನಿಫಾರ್ಮ್ ತೊಟ್ಟವರ ಫೋಟೋಗೇ ಗೋಡೆಯಲ್ಲಿ ಜಾಗ ಜಾಸ್ತಿ. ನೀನು ಹೆಲೆನ್ ಬಗ್ಗೆ ಹೇಳಲೇಬೇಕು.

ಗೋಣಿಕೊಪ್ಪದ ಹುಡುಗಿ:
ಖಂಡಿತ ಅಂಕಲ್. ಹೆಲೆನ್‌ಗೆ ಒಂದು ಸ್ಲೈಡ್, 1874ಕ್ಕೆ ಎರಡು. ಗೆಟಿಸ್‌ಬರ್ಗ್ ನಕ್ಷೆಗಳನ್ನು ಕಡಿಮೆ ಮಾಡ್ತೀನಿ.